ಪಾದೋವಾದಲ್ಲಿ ಐದು ದಿನ, ಮತ್ತು ಜುಲೈ ತಿಂಗಳ ಔಷಧಿ

ಎರಡು ವಾರದಿಂದ ಇಲ್ಲಿ ಏನೂ ಬರೆದಿಲ್ಲ. ತೋಟದಲ್ಲಿ ಪುರುಸೊತ್ತಿಲ್ಲ ಅಂತಲ್ಲ. ಕೊಯ್ಲು ಮುಗಿದು ಅಡಿಕೆ ಸೊಸೈಟಿ ಸೇರಿ ತಿಂಗಳಾಯ್ತು. ಈಗ ಸ್ಪ್ರಿಂಕ್ಲರ್ ತಿರುಗಿಸೋದು, ಮಜ್ಜಿಗೆ ಕುಡಿಯೋದು, ಇಷ್ಟೇ ಕೆಲಸ. ಆದ್ರೆ ದಿನಾ ರಾತ್ರಿ ನಾನು ಕೂರ್ತಾ ಇರೋದು ಇಟಲಿಯ ಒಂದು ಊರಿನ ನಕ್ಷೆ ಮುಂದೆ.

ಊರಿನ ಹೆಸರು ಪಾದೋವಾ. ಇಂಗ್ಲಿಷಿನವರು ಪಡುವಾ ಅಂತಾರೆ. ನಮ್ಮಮ್ಮನಿಗೆ ಎರಡನೇ ಹೆಸರೇ ಇಷ್ಟ. "ಪಡುವಣಕ್ಕೇ ಅಲ್ದನಾ, ಸರಿಯಾಗೇ ಇದೆ ಹೆಸರು" ಅಂದ್ಲು. ವೆನಿಸ್ಸಿನಿಂದ ರೈಲಲ್ಲಿ ಅರ್ಧ ಗಂಟೆ. ಮಗಳು ಎರಡು ವರ್ಷದಿಂದ ಅಲ್ಲೇ ಕೃಷಿ ವಿಷಯದಲ್ಲಿ ಎಂಎಸ್ಸಿ ಓದ್ತಾ ಇದ್ದಾಳೆ. ವಿಶ್ವವಿದ್ಯಾಲಯ ಶುರುವಾಗಿದ್ದು 1222ರಲ್ಲಿ, ನಮ್ಮ ಕಡೆ ಇನ್ನೂ ಹೊಯ್ಸಳರು ಆಳ್ತಾ ಇದ್ದ ಕಾಲ. ಗೆಲಿಲಿಯೋ 1592ರಿಂದ ಹದಿನೆಂಟು ವರ್ಷ ಪಾಠ ಮಾಡಿದ್ದು ಇಲ್ಲೇ.

ಜುಲೈ ನಡುವೆ ಅವಳ ಪದವಿ. ಅಲ್ಲಿ ಪ್ರಬಂಧ ಮಂಡಿಸಿ ಹೊರಗೆ ಬಂದವರ ತಲೆಗೆ ಲಾರೆಲ್ ಎಲೆಯ ಕಿರೀಟ ಹಾಕ್ತಾರೆ. ಲಾರೆಲ್ ಅಂದ್ರೆ ನಮ್ಮ ದಾಲ್ಚಿನ್ನಿ ಕುಟುಂಬದ್ದೇ ಗಿಡ, ಎಲೆ ಮುರಿದ್ರೆ ಘಮ ಬರ್ತದೆ. ಆಮೇಲೆ ಸ್ನೇಹಿತರು ಸೇರ್ಕೊಂಡು, ಪದವಿ ಪಡೆದವರನ್ನ ಗೇಲಿ ಮಾಡುವ ಪದ್ಯ ಬರೆದ ದೊಡ್ಡ ಪೋಸ್ಟರ್ ತಂದು, ಅವರ ಕೈಲೇ ಬೀದಿಯಲ್ಲಿ ಗಟ್ಟಿಯಾಗಿ ಓದಿಸ್ತಾರಂತೆ. ಇದನ್ನ ಕೇಳಿದ ಮೇಲೆ ಹೋಗದೆ ಇರೋದು ಹೇಗೆ?

ಆದ್ರೆ ಜುಲೈ ನಡುವೆ ಅಂದ್ರೆ ಪುನರ್ವಸು ಮಳೆ. ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಮೇ ಕೊನೆಗೆ ಮೊದಲ ಸಲ ಬೋರ್ಡೋ ಹೊಡೆದ್ರೆ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ಅಷ್ಟೊತ್ತಿಗೆ ಮಳೆ ಎರಡು ದಿನ ಬಿಡುವು ಕೊಡ್ಬೇಕು, ಕೊನೆಗೌಡ ಸಿಗ್ಬೇಕು, ಮೈಲುತುತ್ತ, ಸುಣ್ಣ ತಯಾರಿರ್ಬೇಕು. ಮೂರು ವರ್ಷದ ಹಿಂದೆ ಇದೇ ಎರಡನೇ ಔಷಧಿ ಹದಿನೈದು ದಿನ ತಡವಾಗಿ, ಕೆಳಗಿನ ತೋಟದ ಕಾಯೆಲ್ಲ ಕೊಳೆತು ನೆಲಕ್ಕೆ ಬಿತ್ತು. ಆ ಫೋಟೋ ನಿಮ್ಮಲ್ಲಿ ಹಲವರು ನೋಡಿದ್ದೀರಿ.

ಇಲ್ಲಿ ಒಂದು ಮಾತು ಒಪ್ಪಿಕೊಳ್ತೇನೆ. ಮೊದಲು ನಾನು ಮಾಡಿದ ಲೆಕ್ಕದಲ್ಲಿ ಟಿಕೆಟ್ ಇದ್ದಿದ್ದು ಒಂದೇ, ಅದು ನನ್ನದು. ಔಷಧಿ ಹೊಡೆಸೋಕೆ ತಮ್ಮನಿಗೆ ಹೇಳೋದು, ನಾನು ವಾರದಲ್ಲಿ ಹೋಗಿ ಬರೋದು ಅಂತ. ಹೆಂಡತಿ ಮನೆಯಲ್ಲಿರ್ತಾಳೆ, ಎಂಬತ್ತೆರಡು ವರ್ಷದ ಅಮ್ಮ ಇದ್ದಾಳೆ, ಕೊಟ್ಟಿಗೆಯಲ್ಲಿ ಮೂರು ದನ. ಇದನ್ನ ನಾನು ಯಾರನ್ನೂ ಕೇಳಿರಲಿಲ್ಲ. ಮಗಳಿಗೆ ವಿಡಿಯೋ ಕಾಲಲ್ಲಿ ಲೆಕ್ಕ ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ?" ಅಂದ್ಲು. ಅಷ್ಟೇ. ಹಿಂದೆ ಪಾತ್ರೆ ತೊಳೀತಿದ್ದ ಸದ್ದು ನಿಂತುಹೋಯ್ತು.

ಇಬ್ಬರೂ ಹೋಗುವಷ್ಟು ದುಡ್ಡಿಲ್ಲ. ಮಗಳ ಓದಿಗೆ ತೆಗೆದ ಹನ್ನೆರಡು ಲಕ್ಷದ ಸಾಲದ ಕಂತು ಮುಂದಿನ ವರ್ಷದಿಂದ ಶುರು. ಬೋರ್ಡೋ ದ್ರಾವಣ ಕಲೆಸೋದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹಾಲು ಕರೆಯೋದು ಅವಳಿಗೆ ಗೊತ್ತು, ನನಗೂ ಒಂದು ಕಾಲದಲ್ಲಿ ಗೊತ್ತಿತ್ತು. ಹಾಗಾಗಿ ಹೋಗೋದು ಅವಳು. ಬಿಎಸ್ಸಿ ಸಸ್ಯಶಾಸ್ತ್ರ ಓದಿ ಮದುವೆಯಾಗಿ ಬಂದವಳು, ಇಪ್ಪತ್ತೇಳು ವರ್ಷದಲ್ಲಿ ದೂರ ಹೋಗಿದ್ದು ಅಂದ್ರೆ ತಿರುಪತಿ.

ಅಲ್ಲಿಂದ ನನ್ನ ಕೆಲಸ ಯೋಜನೆ ಮಾತ್ರ.

ಮೊದಲ ತಲೆನೋವು ವೀಸಾ. ಅರ್ಜಿಯಲ್ಲಿ ತಿಂಗಳ ಆದಾಯ ಕೇಳ್ತಾರೆ. ನಮ್ಮ ಖಾತೆಗೆ ದುಡ್ಡು ಬರೋದು ವರ್ಷಕ್ಕೆ ಎರಡು ಸಲ, ಹೋಗೋದು ದಿನಾ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ರಿಟರ್ನ್ ಸಲ್ಲಿಸಿದ್ದೂ ಇಲ್ಲ. ಪಹಣಿ, ಸೊಸೈಟಿಯ ಅಡಿಕೆ ಬಿಲ್ಲು, ಮಗಳ ಆಹ್ವಾನ ಪತ್ರ, 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ವಿಮೆ ಎಲ್ಲ ಜೋಡಿಸಿದೆ. ಶುಲ್ಕ ಒಬ್ಬರಿಗೆ 90 ಯೂರೋ, ಅರ್ಜಿ ತಿರಸ್ಕಾರ ಆದ್ರೂ ವಾಪಸ್ ಬರಲ್ಲ. ಕಡತ ನೋಡಿದ ಆಡಿಟರ್ ಹೇಳಿದ್ದು ಕೇಳಿ: "ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿಗಿಂತ ಮೇಡಮ್ಮಂದೇ ಚೆನ್ನಾಗಿದೆ ಸಾರ್." ಡೈರಿಯ ಹಾಲಿನ ದುಡ್ಡು ಅವಳ ಖಾತೆಗೆ ತಪ್ಪದೆ ಬೀಳ್ತದಲ್ಲ, ಅದು ಸಂಬಳದ ಹಾಗೇ ಕಾಣ್ತದೆ. ಆವತ್ತು ಸಂಜೆ ಮನೆಯಲ್ಲಿ ಒಬ್ಬರ ನಡಿಗೆಯೇ ಬೇರೆ ಇತ್ತು.

ಮಗಳು ಕಳಿಸಿದ ಪಟ್ಟಿಯಲ್ಲಿ ಹದಿನಾಲ್ಕು ಜಾಗ ಇತ್ತು. ಬಾಳೆ ಬುಡದಲ್ಲಿ ಕಂದು ತೆಗೆದ ಹಾಗೆ ತೆಗೆಯೋಣ ಅಂತ ಕೂತ್ವಿ. ವೆನಿಸ್ ಮೊದಲು ಹೋಯ್ತು. ಅಲ್ಲಿ ಕೆಲವು ದಿನ ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕವೇ ಇದೆ, ಜುಲೈ ಸೆಕೆ, ಜನಜಂಗುಳಿ. "ವಿಮಾನ ಇಳಿಯೋದು ಅಲ್ಲೇ ಅಲ್ವಾ, ಮೇಲಿಂದ ಕಾಣ್ತದೆ ಬಿಡಿ" ಅಂದ್ಲು ಹೆಂಡತಿ. ಮಗಳಿಗೆ ಬೇಜಾರಾಯ್ತು. ನನಗೂ ಸ್ವಲ್ಪ ಆಯ್ತು.

ಟಿಕೆಟ್ ಅಗ್ಗ ಅಂತ ನಾನು ಹಿಡಿದಿದ್ದು ಸೋಮವಾರ ಮಧ್ಯಾಹ್ನ ತಲುಪುವ ವಿಮಾನ. ಆಮೇಲೆ ಗೊತ್ತಾಯ್ತು, ಸಸ್ಯೋದ್ಯಾನಕ್ಕೂ ಊರಿನ ಹಳೇ ನ್ಯಾಯಸಭೆಯ ಕಟ್ಟಡಕ್ಕೂ ಸೋಮವಾರ ರಜೆ. ಹೋಗುವವರಿದ್ರೆ ನೆನಪಿಡಿ. ಹಾಗಾಗಿ ಸೋಮವಾರ ಸಂಜೆ ಪ್ರಾತೋ ಡೆಲ್ಲಾ ವಾಲೆ ಅನ್ನುವ ಬಯಲಿನ ಸುತ್ತ ಒಂದು ಸುತ್ತು, ಆಮೇಲೆ ನಿದ್ದೆ. ಯುರೋಪಿನ ಅತಿ ದೊಡ್ಡ ಚೌಕಗಳಲ್ಲಿ ಇದೂ ಒಂದು. ಹಿಂದೆ ಜೌಗು ಇತ್ತು. 1775ರಲ್ಲಿ ಕಾಲುವೆ ತೋಡಿ ನೀರು ಬಸಿದು ನಡುವೆ ದ್ವೀಪ ಮಾಡಿದ್ರು, ಕಾಲುವೆಯ ಎರಡೂ ದಡದಲ್ಲಿ 78 ಪ್ರತಿಮೆ. ಬಸಿಗಾಲುವೆ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಪಾದೋವಾದವರು ತಮ್ಮ ಊರನ್ನ ಮೂರು "ಇಲ್ಲ"ದಲ್ಲಿ ಹೇಳ್ತಾರಂತೆ: ಹೆಸರಿಲ್ಲದ ಸಂತ, ಬಾಗಿಲಿಲ್ಲದ ಕೆಫೆ, ಹುಲ್ಲಿಲ್ಲದ ಹುಲ್ಲುಗಾವಲು. ಹುಲ್ಲುಗಾವಲು ಈ ಬಯಲೇ. ಕೆಫೆ ಅಂದ್ರೆ ಪೆದ್ರೋಕಿ, ಒಂದು ಕಾಲದಲ್ಲಿ ಹಗಲೂ ರಾತ್ರಿ ತೆರೆದೇ ಇರ್ತಿತ್ತು. ಸಂತ ಅಂದ್ರೆ ಸಂತ ಅಂತೋಣಿ. ಅಲ್ಲಿ ಅವರನ್ನ ಬರೀ "ಸಂತ" ಅಂದ್ರೆ ಸಾಕು.

ಮಂಗಳವಾರ ಪೂರ್ತಿ ಸಸ್ಯೋದ್ಯಾನಕ್ಕೆ. ಇದನ್ನ ಹೆಂಡತಿಯೇ ಪಟ್ಟಿಯ ತಲೆಗೆ ಎತ್ತಿಟ್ಲು. ವಿಶ್ವವಿದ್ಯಾಲಯಕ್ಕೆ ಸೇರಿದ್ದು, 1545ರಲ್ಲಿ ಔಷಧಿ ಗಿಡಗಳಿಗಾಗಿ ಮಾಡಿದ್ದು. ಶುರುವಾದ ಜಾಗದಲ್ಲೇ ಇವತ್ತಿಗೂ ಇರುವ ಜಗತ್ತಿನ ಅತಿ ಹಳೇ ಸಸ್ಯೋದ್ಯಾನ. ಒಂದು ವೃತ್ತ, ಅದರೊಳಗೆ ಚೌಕ, ಚೌಕದೊಳಗೆ ನಾಲ್ಕು ಭಾಗ, ರಂಗೋಲಿ ಹಾಕಿದ ಹಾಗಿದೆ ನಕ್ಷೆ. ಅಲ್ಲಿ 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಗಿಡ ಇನ್ನೂ ಬದುಕಿದೆ. ಅದಕ್ಕೇ ಅಂತ ಎಂಟು ಮೂಲೆಯ ಗಾಜಿನ ಮನೆ ಕಟ್ಟಿದ್ದಾರೆ. 1786ರಲ್ಲಿ ಜರ್ಮನ್ ಕವಿ ಗೋಯಥೆ ಬಂದು ಇದರ ಎಲೆಗಳನ್ನ ನೋಡಿದ. ಬುಡದ ಎಳೇ ಎಲೆ ಸರಳ ಪಟ್ಟಿ, ಮೇಲೆ ಹೋದ ಹಾಗೆ ಸೀಳುತ್ತಾ ಸೀಳುತ್ತಾ ಬೀಸಣಿಗೆ. ಗಿಡದ ಅಂಗಗಳೆಲ್ಲ ಎಲೆಯದೇ ರೂಪಾಂತರ ಅನ್ನುವ ಅವನ ಪುಸ್ತಕ 1790ರಲ್ಲಿ ಬಂತು.

ಇದನ್ನ ನಾನು ದೊಡ್ಡ ಸುದ್ದಿ ಅನ್ನೋ ಹಾಗೆ ಓದಿ ಹೇಳಿದೆ. ಅವಳು, "ಗೊತ್ತು, ಎರಡನೇ ವರ್ಷದಲ್ಲಿ ಇತ್ತು ನಮಗೆ" ಅಂದ್ಲು. ಇಪ್ಪತ್ತೇಳು ವರ್ಷದಲ್ಲಿ ಈ ವಿಷಯ ಒಂದು ಸಲವೂ ಅವಳ ಬಾಯಲ್ಲಿ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಅಡಿಕೆ ಸಸಿಯ ಮೊದಲ ಎಲೆ ಎರಡೇ ಸೀಳು ಇರೋದು, ಆಮೇಲೆ ಗರಿ ಆಗೋದು ಅದನ್ನ ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಹಾಗೆ ಯೋಚನೆ ಮಾಡಿದ್ದಿಲ್ಲ.

ಬುಧವಾರ ಬೆಳಿಗ್ಗೆ ಮಾರುಕಟ್ಟೆ. ನ್ಯಾಯಸಭೆಯ ಕಟ್ಟಡ ಪಲಾತ್ಸೋ ಡೆಲ್ಲಾ ರಜೋನೆ ಊರಿನ ನಟ್ಟನಡುವೆ ಇದೆ. ಒಂದು ಬದಿ ಸೊಪ್ಪು ತರಕಾರಿ ಚೌಕ, ಇನ್ನೊಂದು ಬದಿ ಹಣ್ಣಿನ ಚೌಕ, ಕೆಳಗೆ ಕಮಾನಿನಡಿ ಅಂಗಡಿಗಳು. ಒಂದು ಕಮಾನಿನ ಹತ್ತಿರ ಕಲ್ಲಲ್ಲಿ ಹಳೇ ಅಳತೆಗಳನ್ನ ಕೆತ್ತಿಟ್ಟಿದ್ದಾರೆ, ಧಾನ್ಯದ್ದು, ಇಟ್ಟಿಗೆಯದ್ದು, ಹಂಚಿಂದು. ವ್ಯಾಪಾರಿ ಮೋಸ ಮಾಡಿದ ಅನ್ನಿಸಿದ್ರೆ ಅಲ್ಲೇ ಹಿಡಿದು ನೋಡೋದು. ನಮ್ಮ ಸಂತೆಯಲ್ಲೂ ಹೀಗೊಂದು ಕಲ್ಲಿದ್ರೆ ಎಷ್ಟು ಜನರ ತಕ್ಕಡಿ ಉಳೀತಿತ್ತೋ!

ಮಹಡಿ ಮೇಲೆ ಒಂದೇ ಸಭಾಂಗಣ, 81 ಮೀಟರ್ ಉದ್ದ, ಹಡಗು ಬೋರಲು ಹಾಕಿದ ಹಾಗೆ ಮರದ ಛಾವಣಿ. ಅದರ ಮೂಲೆಯಲ್ಲಿ ಒಂದು ಕರೀ ಕಲ್ಲಿದೆ, ಅವಮಾನದ ಕಲ್ಲು ಅಂತ ಹೆಸರು. ಸಾಲ ತೀರಿಸಲಾಗದವನನ್ನ ಅಂಗಿ ಚಡ್ಡಿಯಲ್ಲಿ ನಿಲ್ಲಿಸಿ, ಜನರ ಎದುರು ಮೂರು ಸಲ ಆ ಕಲ್ಲಿನ ಮೇಲೆ ಕುಕ್ಕರಿಸಿ, "ನನ್ನ ಆಸ್ತಿ ಬಿಟ್ಟುಕೊಟ್ಟೆ" ಅಂತ ಹೇಳಿಸ್ತಾ ಇದ್ರು. ಆಮೇಲೆ ಊರು ಬಿಡ್ಬೇಕು. ಕ್ರೂರ ಅನ್ಸುತ್ತೆ. ಆದ್ರೆ ಇದಕ್ಕೂ ಮೊದಲು ಸಾಲಗಾರನಿಗೆ ಜೈಲೇ ಗತಿಯಾಗಿತ್ತು. ಸಂತ ಅಂತೋಣಿ ಊರಿನ ಆಡಳಿತದ ಮುಂದೆ ಬೇಡಿಕೊಂಡ ಮೇಲೆ, 1231ರ ಮಾರ್ಚಿನಲ್ಲಿ ಕಾನೂನು ಬದಲಾಗಿ, ಆಸ್ತಿ ಒಪ್ಪಿಸಿದವನನ್ನ ಜೈಲಿಗೆ ಹಾಕೋ ಹಾಗಿಲ್ಲ ಅಂತಾಯ್ತು. ಅದೇ ಜೂನಿನಲ್ಲಿ ಅವರು ತೀರಿಕೊಂಡ್ರು. ನಮ್ಮಲ್ಲಿ ಕಳೆದುಹೋದ ಸಾಮಾನು ಹುಡುಕಿಕೊಡುವ ಸಂತ ಅಂತಷ್ಟೇ ಕೇಳಿದ್ದೆ. ಸಾಲಗಾರರ ಪರ ಮಾತಾಡಿದ್ದು ಗೊತ್ತೇ ಇರಲಿಲ್ಲ.

ಈ ಕಲ್ಲಿನ ಫೋಟೋ ತರ್ಲೇಬೇಕು ಅಂತ ಹೆಂಡತಿಗೆ ಹೇಳಿದೆ. ಅವಳಿಗೆ ಇಷ್ಟ ಆಗ್ಲಿಲ್ಲ. "ಸಾಲ ಮಾಡಿ ಓದಿಸಿದ ಮಗಳ ಜೊತೆ ಹೋಗಿ ಆ ಕಲ್ಲು ನೋಡ್ಲಾ?" ಅಂದ್ಲು. ಎರಡು ದಿನ ಬಿಟ್ಟು ಪಟ್ಟಿ ನೋಡಿದ್ರೆ ಅದನ್ನ ಹೊಡೆದುಹಾಕಿದ್ಲು. ನಾನು ಮತ್ತೆ ಬರೆದೆ. ಅವಳು ಮತ್ತೆ ಹೊಡೆದ್ಲು. ಸದ್ಯಕ್ಕೆ ಹೊಡೆದ ಸ್ಥಿತಿಯಲ್ಲೇ ಇದೆ.

ಬುಧವಾರ ಮಧ್ಯಾಹ್ನ ಸ್ಕ್ರೊವೆಂಜಿ ಚಾಪೆಲ್. ಅದಕ್ಕೂ ಸಾಲದ್ದೇ ಕಥೆ, ಆದ್ರೆ ಸಾಲ ಕೊಟ್ಟವರ ಕಡೆಯಿಂದ. ರೆಜಿನಾಲ್ದೋ ಸ್ಕ್ರೊವೆಂಜಿ ದೊಡ್ಡ ಬಡ್ಡಿ ವ್ಯಾಪಾರಿ. ದಾಂತೆ ತನ್ನ ಕಾವ್ಯದಲ್ಲಿ ಅವನನ್ನ ನರಕದಲ್ಲೇ ಕೂರಿಸಿದ್ದಾನೆ. ಅವನ ಮಗ ಎನ್ರಿಕೋ ಕಟ್ಟಿಸಿದ ಈ ಚಾಪೆಲ್ 1305ರಲ್ಲಿ ಪ್ರತಿಷ್ಠೆಯಾಯ್ತು, ಅಪ್ಪನ ಪಾಪ ತೊಳೆಯೋಕೆ ಅಂತ ಜನ ಹೇಳ್ತಾರೆ. ಒಳಗೆ ಗೋಡೆ ತುಂಬ ಜೊತ್ತೋ ಬರೆದ ಚಿತ್ರ, ಮೇಲೆ ನೀಲಿ ಛಾವಣಿಯಲ್ಲಿ ಚಿನ್ನದ ನಕ್ಷತ್ರ. ಬುಕ್ ಮಾಡದೆ ಹೋದ್ರೆ ಬಿಡಲ್ಲ. ಒಂದು ಸಲಕ್ಕೆ ಇಪ್ಪತ್ತೈದೇ ಜನ. ಮೊದಲು ಹದಿನೈದು ನಿಮಿಷ ಒಂದು ಗಾಜಿನ ಕೋಣೆಯಲ್ಲಿ ಕೂರಿಸ್ತಾರೆ, ಹೊರಗಿನ ತೇವ, ದೂಳು ಒಳಗೆ ಹೋಗದಿರಲಿ ಅಂತ. ಆಮೇಲೆ ಒಳಗೆ ಹದಿನೈದು ನಿಮಿಷ. ಮನುಷ್ಯರ ಉಸಿರಿನ ತೇವಕ್ಕೂ ಬಣ್ಣ ಹಾಳಾಗ್ತದಂತೆ. ಮಳೆಗಾಲದಲ್ಲಿ ಅಟ್ಟದ ಅಡಿಕೆ ಮೂಟೆಗೆ ಬೂಸ್ಟು ಹಿಡಿಯೋದು ಕಂಡವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಗುರುವಾರ ಪದವಿ. ಕೃಷಿ ವಿಭಾಗ ಇರೋದು ಊರ ಹೊರಗೆ ಲೆನ್ಯಾರೋದಲ್ಲಿ, ಬಸ್ಸಲ್ಲಿ ಹೋಗ್ಬೇಕು. ಶುಕ್ರವಾರ ಏನೂ ಇಟ್ಟಿಲ್ಲ. ವಿಶ್ವವಿದ್ಯಾಲಯದ ಹಳೇ ಕಟ್ಟಡದಲ್ಲಿ ಎಲೆನಾ ಕೊರ್ನಾರೋ ಪಿಸ್ಕೋಪಿಯಾಳ ಪ್ರತಿಮೆ ಇದೆ, 1678ರಲ್ಲಿ ಡಾಕ್ಟರೇಟ್ ಪಡೆದವಳು, ಹಾಗೆ ಪಡೆದ ಮೊದಲ ಹೆಂಗಸು ಅಂತಾರೆ. ಅಲ್ಲಿಗೆ ಅಮ್ಮ ಮಗಳು ಹೋಗ್ಬಹುದು, ಇಲ್ಲ ಮಗಳ ರೂಮಲ್ಲಿ ಕೂತು ಅಪ್ಪೆಮಿಡಿ ಹಾಕ್ಕೊಂಡು ಅನ್ನ ಮೊಸರು ಉಣ್ಣಬಹುದು. ಅದನ್ನ ನಾನು ಇಲ್ಲಿಂದ ನಿರ್ಧಾರ ಮಾಡೋದು ಬೇಡ ಅಂತ ಇಬ್ಬರೂ ಹೇಳಿದ್ದಾರೆ. ಶನಿವಾರ ವಾಪಸ್.

ನಾನು ಬೆಳಿಗ್ಗೆ ಬೇಗ ಎದ್ದು ಕೊಟ್ಟಿಗೆಗೆ ಹೋಗೋಕೆ ಶುರು ಮಾಡಿದ್ದೇನೆ, ಅಭ್ಯಾಸಕ್ಕೆ. ದೊಡ್ಡ ದನ ಒಪ್ಕೊಂಡಿದೆ. ಕಪ್ಪು ಕರು ಹಾಕಿದ್ದು ಇನ್ನೂ ಒದೀತಾ ಇದೆ.

ಒಂದು ವಿಷಯಕ್ಕೆ ಮಾತ್ರ ಹೆದರಿಕೆ. ನಮ್ಮನೆ ಅಂಗಳದಲ್ಲಿರೋ ಅರ್ಧ ಗಿಡ ಮದುವೆ ಮನೆ, ಮುಂಜಿ ಮನೆ, ದೇವಸ್ಥಾನಗಳಿಂದ ಇವಳು ಚಿವುಟಿ ಸೆರಗಲ್ಲಿ ತಂದಿದ್ದು. ಹೊರದೇಶದಿಂದ ಕಡ್ಡಿ, ಬೀಜ ಪರವಾನಗಿ ಇಲ್ದೆ ತರೋ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡೀತಾರೆ ಅಂತ ನಾಲ್ಕು ಸಲ ಹೇಳಿದ್ದೇನೆ. ಆ ಸಸ್ಯೋದ್ಯಾನದ ಸುತ್ತ ಗೋಡೆ ಕಟ್ಟಿದ್ದೇ ರಾತ್ರಿ ಬಂದು ಗಿಡ ಕದೀತಿದ್ದವರ ಕಾಟಕ್ಕೆ, 1552ರಲ್ಲಿ. "ನಿನ್ನಂಥವರಿಗೇ ಕಟ್ಟಿದ್ದು ನೋಡು" ಅಂದೆ. "ಒಳಗೆ ಹೋಗೋಕೆ ಟಿಕೆಟ್ ತಗೊಂಡಾಗಿದೆಯಲ್ಲ" ಅಂದ್ಲು.