ವೃಷಭ ರಾಶಿಯ ಕಾರು

ಅಮೆರಿಕದವರು ಕಾರುಗಳಿಗೆ ಕಾಡುಕುದುರೆಯ ಹೆಸರಿಡುತ್ತಾರೆ, ಹಕ್ಕಿಯ ಹೆಸರಿಡುತ್ತಾರೆ. ಆದರೆ 1985ರ ಡಿಸೆಂಬರಿನಲ್ಲಿ ಫೋರ್ಡ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಸಂಸಾರಸ್ಥರ ಕಾರಿಗೆ ಇಟ್ಟದ್ದು ರಾಶಿಯ ಹೆಸರು: ಟಾರಸ್, ಅಂದರೆ ವೃಷಭ. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಲೂ ವೆರಾಲ್ಡಿ ಮತ್ತು ಅವರ ಸಹೋದ್ಯೋಗಿ, ಇಬ್ಬರ ಹೆಂಡತಿಯರದೂ ಅದೇ ರಾಶಿಯಾಗಿತ್ತಂತೆ. ಗುಟ್ಟಾಗಿರಲಿ ಎಂದು ಇಟ್ಟುಕೊಂಡ ಹೆಸರೇ ಕೊನೆಗೆ ಕಾರಿನ ಮೇಲೂ ಉಳಿಯಿತು. 1999ರಲ್ಲಿ ಒಹಾಯೋದಲ್ಲಿ ಓದುತ್ತಿದ್ದ ನಾನು, ಊರಿಗೆ ಹೊರಟಿದ್ದ ಧಾರವಾಡದ ಹಿರಿಯ ವಿದ್ಯಾರ್ಥಿಯೊಬ್ಬರಿಂದ ಆರು ವರ್ಷ ಹಳೆಯ ಟಾರಸ್ ಕೊಂಡೆ. ಫೋನಿನಲ್ಲಿ ಹೆಸರಿನ ಅರ್ಥ ಹೇಳಿದಾಗ ಅಮ್ಮ, "ಸದ್ಯ, ಬಸವಣ್ಣ ಜೊತೇಲಿದಾನೆ ಬಿಡು" ಎಂದು ನಿಟ್ಟುಸಿರುಬಿಟ್ಟಳು.

ಮುಂದಿನ ಸೀಟು ನಮ್ಮ ಅಂಬಾಸಿಡರಿನ ಹಾಗೆ ಉದ್ದಕ್ಕೆ ಒಂದೇ. ಗೇರು ಸ್ಟೀರಿಂಗಿನ ಪಕ್ಕದಲ್ಲಿ. ಆರು ಜನ ಕೂರಬಹುದಿತ್ತು, ನಾವು ಆರು ಜನವೂ ಕೂರುತ್ತಿದ್ದೆವು. ಶನಿವಾರ ಅಕ್ಕಿ ಬೇಳೆ ತರಲು, ಯುಗಾದಿಗೆ ಕನ್ನಡ ಸಂಘದ ಊಟಕ್ಕೆ, ಹೊಸದಾಗಿ ಬಂದಿಳಿದವರನ್ನು ವಿಮಾನ ನಿಲ್ದಾಣದಿಂದ ಕರೆತರಲು, ಎಲ್ಲಕ್ಕೂ ಅದೇ. ನಮಗೆ ಅದೊಂದು ಸಾಧಾರಣ ಹಳೇ ಕಾರು. ಅದರ ಹಿಂದೊಂದು ಚರಿತ್ರೆಯಿದೆ ಎಂದು ತಿಳಿದದ್ದು ಆಮೇಲೆ.

1980ರಿಂದ 1982ರವರೆಗಿನ ಮೂರು ವರ್ಷಗಳಲ್ಲಿ ಫೋರ್ಡ್ 300 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತ್ತು. ಪೆಟ್ರೋಲ್ ತುಟ್ಟಿಯಾಗಿತ್ತು, ಜನ ಜಪಾನಿನ ಕಾರುಗಳತ್ತ ಹೊರಳಿದ್ದರು. ಅಂಥ ಹೊತ್ತಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಹಣವನ್ನು ಒಂದೇ ಯೋಜನೆಗೆ ಸುರಿಯುವುದೆಂದರೆ, ಇದ್ದ ಮನೆ ಅಡವಿಟ್ಟು ಬೇಸಾಯಕ್ಕಿಳಿದ ಹಾಗೆ. ಅಲ್ಲಿಯತನಕ ಚಿತ್ರ ಬರೆಯುವವರು ಬರೆದು ಎಂಜಿನಿಯರುಗಳ ಕಡೆ ತಳ್ಳುತ್ತಿದ್ದರು, ಅವರು ಕಾರ್ಖಾನೆಯ ಕಡೆ ತಳ್ಳುತ್ತಿದ್ದರು. ವೆರಾಲ್ಡಿ ಎಲ್ಲರನ್ನೂ ಮೊದಲ ದಿನದಿಂದಲೇ ಒಟ್ಟಿಗೆ ಕೂರಿಸಿದರು. ಬೇರೆ ಕಂಪನಿಗಳ ಒಳ್ಳೆಯ ಕಾರುಗಳನ್ನು ತಂದು ಬಿಚ್ಚಿ, ಸುಮಾರು 400 ಅಂಶಗಳಲ್ಲಿ ಯಾವುದು ಯಾರದ್ದು ಉತ್ತಮವೆಂದು ನೋಡಿದರು. ರಿಪೇರಿಯವರನ್ನು, ವಿಮೆಯವರನ್ನು ಕೇಳಿದರು. ಕಾರು ಜೋಡಿಸುವ ಕಾರ್ಮಿಕರನ್ನೂ ಕೇಳಿದರು. ಬೋಲ್ಟುಗಳ ತಲೆ ಒಂದೇ ಅಳತೆಯದಾದರೆ ಪದೇ ಪದೇ ಸ್ಪ್ಯಾನರ್ ಬದಲಿಸುವುದು ತಪ್ಪುತ್ತದೆ ಎಂಬಂಥ ಸಲಹೆಗಳು ಬಂದದ್ದು ಅವರಿಂದ.

2001ರ ಬೇಸಿಗೆಯಲ್ಲಿ ಅಪ್ಪ ಬಂದರು. ಬೆಂಗಳೂರಿನ ಒಂದು ಕೈಗಡಿಯಾರ ಕಾರ್ಖಾನೆಯಲ್ಲಿ 31 ವರ್ಷ ದುಡಿದು ನಿವೃತ್ತರಾದವರು. ನಯಾಗರ ನೋಡಲು ಹೊರಟ ಬೆಳಿಗ್ಗೆ ಆಯಿಲ್ ನೋಡಲೆಂದು ನಾನು ಬಾನೆಟ್ ಎತ್ತಿದೆ. ಅಪ್ಪ ಬಗ್ಗಿ ನೋಡಿದರು. ಆಯಿಲ್ ಅಳೆಯುವ ಕಡ್ಡಿಯ ಹಿಡಿ, ಮುಚ್ಚಳಗಳು, ಹೀಗೆ ಮಾಲೀಕ ಕೈಯಿಡಬೇಕಾದ ಜಾಗಗಳಿಗೆಲ್ಲ ಹಳದಿ ಬಣ್ಣವಿತ್ತು. ಎರಡು ವರ್ಷ ಓಡಿಸಿಯೂ ನಾನದನ್ನು ಗಮನವಿಟ್ಟು ನೋಡಿರಲಿಲ್ಲ.

"ಇದನ್ನ ಮಾಡಿದೋರು ಯಾರನ್ನೋ ಕೂರಿಸ್ಕೊಂಡು ಕೇಳಿದಾರೆ ಕಣೋ. ಕೇಳದೆ ಇದು ಹೊಳೆಯೋದಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮನ್ನ ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ಯಾರೂ ಕೇಳ್ಲಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಕೆಲಸದ ಮಾತನ್ನೇ ಆಡದ ಅಪ್ಪ ಅಂದು ದಾರಿಯುದ್ದಕ್ಕೂ ಗಡಿಯಾರದ ಮಾತಾಡಿದರು. ಭೂತಗನ್ನಡಿ ಕಣ್ಣಿಗಿಟ್ಟು ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುತ್ತಿದ್ದ ಮನುಷ್ಯನನ್ನು ನಾನು ನೋಡಿದ್ದು ಅವತ್ತೇ, ಒಂದು ಪರದೇಶದ ಹೆದ್ದಾರಿಯಲ್ಲಿ.

ಕಾರು ಗೆದ್ದಿತು. ಮೂತಿಯಲ್ಲಿ ಜಾಲರಿಯಿಲ್ಲದ ಅದರ ನುಣ್ಣನೆಯ ಆಕಾರ ಕಂಡು ಜೆಲ್ಲಿ ಬೀನ್ ಮಿಠಾಯಿ ಎಂದು ನಕ್ಕವರಿದ್ದರು. ಆದರೆ 1992ರಲ್ಲಿ ಅದು ಹೋಂಡಾ ಅಕಾರ್ಡನ್ನು ಹಿಂದಿಕ್ಕಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಾಯಿತು. ಆ ವರ್ಷ 4 ಲಕ್ಷಕ್ಕೂ ಹೆಚ್ಚು. 1996ರವರೆಗೂ ಆ ಪಟ್ಟ ಉಳಿಯಿತು.

1996ರ ಹೊಸ ಮಾದರಿಯಲ್ಲಿ ಮೊಟ್ಟೆಯಾಕಾರ ಮಿತಿಮೀರಿತು. ದೀಪ, ಹಿಂದಿನ ಗಾಜು, ಒಳಗಿನ ಗುಂಡಿಗಳ ಫಲಕ, ಎಲ್ಲವೂ ಮೊಟ್ಟೆ. ಅದರ ಬೆಲೆಯೂ ಏರಿತ್ತು. ಮನೆಮಂದಿಯ ಕಾರು ಹುಡುಕುವವರು ಹಿಂಜರಿದರು, ಮರುವರ್ಷವೇ ಟೊಯೋಟಾ ಕ್ಯಾಮ್ರಿ ಮುಂದಾಯಿತು. ಫೋರ್ಡಿನ ಲಾಭ ಆಗಲೇ ಎತ್ತರದ ಎಸ್‌ಯುವಿ ಮತ್ತು ಪಿಕಪ್‌ಗಳಿಂದ ಬರುತ್ತಿತ್ತು, ಗಮನವೂ ಅತ್ತಲೇ ಹೋಯಿತು. ಟಾರಸ್ ಬಾಡಿಗೆ ಕಾರಿನ ಅಂಗಡಿಗಳ ಸರಕಾಯಿತು. 2006ರ ಅಕ್ಟೋಬರ್ 27ರಂದು ಅಟ್ಲಾಂಟಾ ಬಳಿಯ ಹೇಪ್‌ವಿಲ್ ಕಾರ್ಖಾನೆಯಿಂದ ಕೊನೆಯ ಟಾರಸ್ ಹೊರಬಂತು. ಆ ಕಾರ್ಖಾನೆಯೂ ಅಲ್ಲಿಗೇ ಮುಚ್ಚಿತು.

ಆಗಷ್ಟೇ ಬೋಯಿಂಗ್‌ನಿಂದ ಬಂದು ಫೋರ್ಡಿನ ಮುಖ್ಯಸ್ಥರಾಗಿದ್ದ ಅಲನ್ ಮುಲಾಲಿ ಒಂದು ಕಾಲಕ್ಕೆ ವಿಮಾನ ಕಟ್ಟುವ ಕೆಲಸಕ್ಕಾಗಿ ಇದೇ ಟಾರಸ್ ತಂಡದ ರೀತಿಯನ್ನು ಅಭ್ಯಾಸ ಮಾಡಿದ್ದವರು. ಅಷ್ಟು ಹೆಸರು ಮಾಡಿದ ಕಾರನ್ನು ಕೊಂದದ್ದೇಕೆಂದು ಅವರಿಗೆ ಅಚ್ಚರಿ. 2007ರಲ್ಲಿ ಬೇರೊಂದು ದೊಡ್ಡ ಕಾರಿಗೆ ಆ ಹೆಸರಿಟ್ಟು ಮರಳಿ ತಂದರು. 2019ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅದೂ ನಿಂತಿತು.

ನನ್ನ ಕಾರನ್ನು ಅಷ್ಟರಲ್ಲಿ ಇನ್ನೊಬ್ಬ ವಿದ್ಯಾರ್ಥಿಗೆ ಮಾರಿದ್ದೆ. ಹೇಪ್‌ವಿಲ್ ಸುದ್ದಿ ಓದಿದ ವಾರ ಅಪ್ಪನಿಗೆ ಫೋನಿನಲ್ಲಿ, "ನಮ್ಮ ಬಸವಣ್ಣ ನಿಂತುಹೋಯ್ತಪ್ಪ" ಎಂದೆ. ಕಾರಿನ ಬಗ್ಗೆ ಅವರು ಏನೂ ಹೇಳಲಿಲ್ಲ. "ಅಲ್ಲಿ ಎಷ್ಟು ಜನ ಇದ್ರು?" ಎಂದು ಕೇಳಿದರು. ಸುಮಾರು 2,000 ಎಂದೆ. ಅಷ್ಟು ದೂರದ ಸಾಲಿನಲ್ಲೂ ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ತಿಳಿಯುತ್ತಿತ್ತು. "ಅವ್ರಲ್ಲಿ ಆ ಬೋಲ್ಟ್ ಸಲಹೆ ಕೊಟ್ಟೋನೂ ಇದ್ನೋ ಏನೋ" ಎಂದು ಅಮ್ಮನ ಕೈಗೆ ಫೋನ್ ಕೊಟ್ಟರು.