ಆರು ಜೀವಿಗಳ ಪಂಗಡ

ವರ್ಷಂಪ್ರತಿ ಈ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನು ಬರೆಯುವಳೆಂಬದು ವಾಚಕರಿಗೆ ಮೊದಲೇ ಗೊತ್ತು: ಪರೀಕ್ಷೆಯ ಫಲಿತಾಂಶ, ದುರಸ್ತಿಯಾದ ಮಾಡು, ನಿವೃತ್ತರಾದ ಉಪಾಧ್ಯಾಯಿನಿಯರ ಉಪಕಾರಸ್ಮರಣೆ. ಅವೆಲ್ಲವೂ ಶಾಲೆಯ ವರದಿಯಲ್ಲಿ ಬಂದಿರುವದರಿಂದ ಈ ಸಾರಿ ನಮ್ಮ ಹುಡುಗಿಯರ ಒಂದು ಆಟದ ವಿಷಯವಾಗಿ ನಾಲ್ಕು ಮಾತು ಬರೆಯುವ ಮನಸ್ಸಾಗಿದೆ. ಆ ಆಟದ ಹೆಸರು ಪೋಕೆಮಾನ್. ಹಳೆವಿದ್ಯಾರ್ಥಿನಿಯರಲ್ಲಿ ಚಿಕ್ಕ ಪ್ರಾಯದವರು ಇದನ್ನು ಓದಿ ನಗುವರು. ತಾಯಿತಂದೆಗಳಲ್ಲಿ ಕೆಲವರು ಹುಬ್ಬುಗಂಟಿಕ್ಕುವರು. ಇಬ್ಬರೂ ದಯವಿಟ್ಟು ಕೊನೆಯ ವರೆಗೆ ಓದಬೇಕು.

ಕಳೆದ ಮಳೆಗಾಲದಲ್ಲಿ ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿಯು, ಮೊಮ್ಮಗಳ ವಿಜ್ಞಾನದ ನೋಟುಪುಸ್ತಕವನ್ನು ನೆನೆಯದಂತೆ ಸೆರಗಿನೊಳಗೆ ಹಿಡಿದುಕೊಂಡು, ಸಂತೆಕಟ್ಟೆಯಿಂದ ನನ್ನ ಕೋಣೆಗೆ ಬಂದರು. ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಅಡ್ಡಕ್ಕೆ ೧೮, ಉದ್ದಕ್ಕೆ ೧೮ ಮನೆಗಳ ಒಂದು ಕೋಷ್ಟಕವಿತ್ತು. ಯಾವದು ಯಾವದನ್ನು ಗೆಲ್ಲುವದು, ಯಾವದಕ್ಕೆ ಸೋಲುವದು ಎಂಬದಾಗಿ ೩೨೪ ಮನೆಗಳೂ ತುಂಬಿದ್ದವು. “ಟೀಚರೇ, ಇದು ಕೋಳಿ ಅಂಕದ ಪಂಚಾಂಗವೇ. ಅಕ್ಷರ ಬೇರೆ, ಅಷ್ಟೇ. ನಮ್ಮ ಮಾವನವರು ಇಂಥಾದ್ದನ್ನು ನೋಡಿ ನೋಡಿಯೇ ಎರಡು ಮುಡಿ ಗದ್ದೆ ಕಳೆದರು. ನೀವು ಇದನ್ನು ನಿಲ್ಲಿಸಬೇಕು,” ಎಂದರು.

ಆ ಮಾತು ತಳ್ಳಿಹಾಕತಕ್ಕದ್ದಲ್ಲ. ನಮ್ಮ ತುಳುನಾಡಿನಲ್ಲಿ ಕುಕ್ಕುಟ ಪಂಚಾಂಗವೆಂಬದು ಉಂಟು. ಉರಿಯೆ, ಬೊಳ್ಳೆ ಎಂಬದಾಗಿ ಹುಂಜಗಳನ್ನು ಬಣ್ಣದಿಂದ ವಿಂಗಡಿಸಿ, ಯಾವ ದಿನ ಯಾವ ಬಣ್ಣಕ್ಕೆ ಜಯವೆಂದು ಅದರಲ್ಲಿ ನೋಡುವರು. ಕೋಳಿ ಅಂಕದಲ್ಲಿ ರಕ್ತವೂ ಇದೆ, ಜೂಜೂ ಇದೆ. ಆದಕಾರಣ ನಾನು ಅಜ್ಜಿಯವರಿಂದ ನಾಲ್ಕು ಶನಿವಾರಗಳ ಅವಧಿ ಕೇಳಿಕೊಂಡು, ಆ ಹುಡುಗಿಯನ್ನೂ ಅವಳ ಜತೆಗಾತಿಯನ್ನೂ ಕಂಪ್ಯೂಟರ್ ಕೋಣೆಗೆ ಕರೆದು, “ಈಗ ನೀವು ನನಗೆ ಪಾಠ ಹೇಳಿರಿ,” ಎಂದೆನು. ಇಷ್ಟು ವರ್ಷ ಪಾಠ ಹೇಳಿದವಳಿಗೆ ಒಮ್ಮೊಮ್ಮೆ ಬೆಂಚಿನ ಮೇಲೆ ಕೂತುಕೊಳ್ಳುವದು ಒಳ್ಳೇದೇ.

ಪೋಕೆಮಾನ್ ಎಂಬದು ‘ಪಾಕೆಟ್ ಮಾನ್‌ಸ್ಟರ್’ ಎಂಬದರ ಮೊಟಕು ರೂಪ. ಕಿಸೆಯ ಭೂತವೆನ್ನಬಹುದಿತ್ತು, ಆದರೆ ನಮ್ಮ ಊರಿನಲ್ಲಿ ಆ ಮಾತನ್ನು ಹಗುರವಾಗಿ ಆಡಬಾರದಾದ್ದರಿಂದ ‘ಜೀವಿ’ ಎಂದೇ ಕರೆಯುವೆನು. ಆಟವು ೧೯೯೬ನೆಯ ಇಸವಿ ಫೆಬ್ರವರಿ ೨೭ರಂದು ಜಪಾನಿನಲ್ಲಿ ಮೊದಲು ಹೊರಟಿತು. ಅದನ್ನು ಕಲ್ಪಿಸಿದ ಸತೋಶಿ ತಾಜಿರಿ ಎಂಬವರು ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಸುವ ಹುಚ್ಚಿನವರು. ಆ ಹುಚ್ಚೇ ಆಟವಾಯಿತು. ಮೊದಲು ೧೫೧ ಜೀವಿಗಳಿದ್ದವು. ಈಗ ಸಾವಿರಕ್ಕೆ ಮಿಕ್ಕಿವೆ. ಪ್ರತಿಯೊಂದು ಜೀವಿಯೂ ಬೆಂಕಿ, ನೀರು, ಹುಲ್ಲು, ವಿದ್ಯುತ್ತು, ಹಿಮ, ಉಕ್ಕು ಮೊದಲಾದ ೧೮ ವರ್ಗಗಳಲ್ಲಿ ಒಂದಕ್ಕೆ ಇಲ್ಲವೆ ಎರಡಕ್ಕೆ ಸೇರಿರುವದು. ಆಡುವವಳು ಆರನ್ನು ಮಾತ್ರ ಆರಿಸತಕ್ಕದ್ದು. ಒಂದೊಂದಕ್ಕೆ ನಾಲ್ಕೇ ಪಟ್ಟುಗಳು. ಸೋತ ಜೀವಿಯು ಸಾಯುವದಿಲ್ಲ, ಮೂರ್ಛೆ ಹೋಗುವದು. ಕಾದಾಟವನ್ನು ಮಾತ್ರ ಅಭ್ಯಾಸಮಾಡಲಿಕ್ಕೆ ‘ಪೋಕೆಮಾನ್ ಶೋಡೌನ್’ ಎಂಬ ಜಾಲತಾಣವಿದ್ದು, ಅದಕ್ಕೆ ಒಂದು ಕಾಸೂ ಬೇಡ.

ಕೋಷ್ಟಕದ ಗುಟ್ಟು ಇಷ್ಟೇ. ನೀರು ಬೆಂಕಿಗೆ ಇಮ್ಮಡಿ ಪೆಟ್ಟು ಕೊಡುವದು, ಬೆಂಕಿ ಹುಲ್ಲಿಗೆ, ಹುಲ್ಲು ನೀರಿಗೆ. ಕೆಲವು ಪೆಟ್ಟುಗಳು ಅರ್ಧವಾಗುವವು. ವಿದ್ಯುತ್ತಿನ ಪೆಟ್ಟು ನೆಲದ ವರ್ಗಕ್ಕೆ ತಾಗುವದೇ ಇಲ್ಲ. ಎರಡು ವರ್ಗದ ಜೀವಿಯಾದರೆ ಎರಡನ್ನೂ ಗುಣಿಸತಕ್ಕದ್ದು. ಎರಡೆರಡಲ ನಾಲ್ಕು, ಅರ್ಧದ ಅರ್ಧ ಕಾಲು. ಭಿನ್ನರಾಶಿಯ ತಾಸಿನಲ್ಲಿ ಆಕಳಿಸುವ ಹುಡುಗಿ ಇದನ್ನೆಲ್ಲಾ ಬಾಯಲ್ಲೇ ಹೇಳಿಬಿಟ್ಟಳು. ಅವಳ ಗಣಿತದ ಟೀಚರಿಗೆ ನಾನು ಈ ಸಮಾಚಾರವನ್ನು ತಿಳಿಸಲಿಲ್ಲ.

ಮೊದಲನೆಯ ಶನಿವಾರ ಇವರಿಬ್ಬರ ಪಂಗಡದಲ್ಲಿ ಐದು ಘಟಸರ್ಪಗಳಿದ್ದವು. ಆರನೆಯದಾದ ಗ್ಯಾರಡೋಸ್ ಎಂಬದು ನೋಟಕ್ಕೆ ಘಟಸರ್ಪ, ವರ್ಗದಲ್ಲಿ ಮಾತ್ರ ನೀರಿನ ಹಾಗೂ ಹಾರುವ ಜೀವಿ. ಅಜ್ಜಿಯ ಮೊಮ್ಮಗಳೇ ಆರಿಸಿದವಳು. “ಎಲ್ಲಾ ಬಲಿಷ್ಠವಾದವು, ಟೀಚರ್,” ಎಂದಳು. ಬಲಿಷ್ಠವಾದವು ನಿಜ. ಎದುರು ಕೂತ ಎಂಟನೆಯ ತರಗತಿಯ ಮಕ್ಕಳಿಬ್ಬರು ಒಂದು ಹಿಮದ ಜೀವಿಯನ್ನೂ ಒಂದು ಕಿನ್ನರಿ ವರ್ಗದ್ದನ್ನೂ ಇಳಿಸಿದರು. ಘಟಸರ್ಪದ ಪೆಟ್ಟು ಕಿನ್ನರಿಗೆ ತಾಗುವದೇ ಇಲ್ಲ. ಹಿಮದ ಪೆಟ್ಟೂ ಕಿನ್ನರಿಯ ಪೆಟ್ಟೂ ಘಟಸರ್ಪಕ್ಕೆ ಇಮ್ಮಡಿ. ಹತ್ತು ನಿಮಿಷದೊಳಗೆ ಒಂದರ ಹಿಂದೆ ಒಂದಾಗಿ ಮಲಗಿದವು. ಐದಕ್ಕೂ ಒಂದೇ ರೋಗವಿದ್ದುದರಿಂದ ಒಂದೇ ವಿಷ ಸಾಕಾಯಿತು. ಸೋತವಳು ಅತ್ತಳು, ಜತೆಗಾತಿಯನ್ನು ಬಿಟ್ಟು ಗೆದ್ದವರೊಂದಿಗೆ ಸೇರುವೆನೆಂದೂ ಹೇಳಿದಳು.

ಜತೆಗಾತಿಯು ಕೆಮ್ಮಣ್ಣಿನ ಕಡೆಯಿಂದ ಬರುವ, ತರಗತಿಯಲ್ಲಿ ಕರೆದರೆ ಮಾತ್ರ ಏಳುವ ಹುಡುಗಿ. ಅವಳು ಆ ವಾರವೆಲ್ಲಾ ಕೋಷ್ಟಕವನ್ನು ಮುಂದಿಟ್ಟುಕೊಂಡು, ಎರಡನೆಯ ಶನಿವಾರ ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದ ತ್ರಿಕೋಣವನ್ನು ತಂದಳು. ಮೂರು ಮೂಲೆಗಳಲ್ಲಿ ಮೂರು ಜೀವಿಗಳು. ಒಂದು ಗಾರ್ಚಾಂಪ್, ಘಟಸರ್ಪವೂ ನೆಲದ್ದೂ ಆಗಿರುವದು. ಅದು ಹೆದರುವದು ಹಿಮ, ಕಿನ್ನರಿ, ಘಟಸರ್ಪ ಈ ಮೂರಕ್ಕೆ. ಈ ಮೂರರ ಪೆಟ್ಟೂ ಉಕ್ಕಿನ ಜೀವಿಗೆ ಅರ್ಧವೇ. ಉಕ್ಕಿನದು ಹೆದರುವದು ಬೆಂಕಿ, ನೆಲ, ಮಲ್ಲಯುದ್ಧದ ವರ್ಗಗಳಿಗೆ. ಗ್ಯಾರಡೋಸಿಗೆ ಬೆಂಕಿಯೂ ಮಲ್ಲರೂ ಅರ್ಧ, ನೆಲವು ತಾಗುವದೇ ಇಲ್ಲ. ಗ್ಯಾರಡೋಸ್ ಹೆದರುವದು ಬಂಡೆಗೆ, ಅದಕ್ಕಿಂತಲೂ ವಿದ್ಯುತ್ತಿಗೆ, ಯಾಕಂದರೆ ಅದು ನಾಲ್ಮಡಿ. ಗಾರ್ಚಾಂಪಿಗೆ ಬಂಡೆ ಅರ್ಧ, ವಿದ್ಯುತ್ತು ಶೂನ್ಯ. ಒಂದು ಕಷ್ಟಕ್ಕೆ ಸಿಕ್ಕುವಾಗ ಅದನ್ನು ಹಿಂದಕ್ಕೆ ಕರೆದು, ಆ ಪೆಟ್ಟಿಗೆ ಅಂಜದ ಇನ್ನೊಂದನ್ನು ಮುಂದೆ ನಿಲ್ಲಿಸಬಹುದು. ಮೂರರಲ್ಲಿ ಒಂದೂ ದೋಷರಹಿತವಲ್ಲ, ಆದರೂ ಮೂರು ಕೂಡಿದರೆ ಹೊಗಲಿಕ್ಕೆ ಸಂದು ಕಾಣದು. ನಾನು ಆ ಹಾಳೆಯನ್ನು ಬಹಳ ಹೊತ್ತು ನೋಡಿದೆನು. ತರಬೇತಿ ಕಾಲೇಜಿನಲ್ಲಿ ನಮಗೆ ಇಷ್ಟು ಸ್ಪಷ್ಟವಾದ ಚಿತ್ರವನ್ನು ಯಾರೂ ಬರೆದು ತೋರಿಸಲಿಲ್ಲ.

ವರ್ಗವೊಂದೇ ಅಲ್ಲ, ಶಕ್ತಿಯ ಹಂಚಿಕೆಯೂ ಉಂಟು. ಈ ಆಟಗಳಲ್ಲಿ ಬಹುಕಾಲ ನಡೆದುಬಂದ ಲೆಕ್ಕದಂತೆ ಒಂದು ಜೀವಿಯ ಸಾಧನೆಗೆ ೫೧೦ ಅಂಶಗಳು, ಒಂದು ಗುಣಕ್ಕೆ ೨೫೨ಕ್ಕಿಂತ ಹೆಚ್ಚು ಹಾಕಕೂಡದು. ಎರಡು ಗುಣಗಳನ್ನು ತುಂಬಿಸಿದರೆ ಉಳಿಯುವದು ಆರೇ ಅಂಶ. ವೇಗವೂ ಬಲವೂ ಬೇಕೆಂದವಳು ತಾಳಿಕೆಯನ್ನು ಬಿಡಬೇಕು. ತಿಂಗಳ ಸಂಬಳದಲ್ಲಿ ಮನೆ ನಡೆಸುವ ತಾಯಂದಿರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನಿಧಾನದ ಜೀವಿಗಳಿಗೂ ದಾರಿಯಿದೆ: ‘ಟ್ರಿಕ್ ರೂಮ್’ ಎಂಬ ಪಟ್ಟನ್ನು ಹಾಕಿದರೆ ಐದು ಸರದಿಗಳ ತನಕ ಕ್ರಮವು ತಿರುಗಿ, ಎಲ್ಲರಿಗಿಂತ ಮಂದವಾದದ್ದೇ ಮೊದಲು ಹೊಡೆಯುವದು.

ಹುಡುಗಿಯರು ನನಗೆ ಹೇಳಿದವುಗಳಲ್ಲಿ ಅತ್ಯಂತ ರುಚಿಸಿದ್ದು ೨೦೧೪ನೆಯ ಇಸವಿಯ ಸಂಗತಿ. ಆ ವರ್ಷ ವಾಷಿಂಗ್ಟನಿನಲ್ಲಿ ನಡೆದ ವಿಶ್ವಸ್ಪರ್ಧೆಯನ್ನು ಕೊರಿಯದ ಸೇಜುನ್ ಪಾರ್ಕ್ ಎಂಬ ತರುಣನು ಗೆದ್ದನು. ಅಲ್ಲಿ ಆರನ್ನು ತಂದು, ಎದುರಾಳಿಯ ಆರನ್ನು ನೋಡಿ, ನಾಲ್ಕನ್ನು ಆರಿಸಿ, ಎರಡೆರಡಾಗಿ ಕಣಕ್ಕಿಳಿಸುವರು. ಅವನ ಪಂಗಡದಲ್ಲಿ ಗ್ಯಾರಡೋಸ್, ಗಾರ್ಚಾಂಪ್ ಮುಂತಾದ ಪ್ರಸಿದ್ಧರ ನಡುವೆ ಪಚಿರಿಸು ಎಂಬ ಅಳಿಲಿನಂಥ ಮರಿಯೊಂದಿತ್ತು. ಅದಕ್ಕೆ ಹೊಡೆಯುವ ಬಲ ಅತ್ಯಲ್ಪ. ಪಂದ್ಯಗಾರರು ಅದನ್ನು ಎಣಿಸುತ್ತಲೇ ಇರಲಿಲ್ಲ. ಆದರೆ ಅದಕ್ಕೆ ಎದುರಾಳಿಗಳ ಪೆಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುವ ಪಟ್ಟು ಗೊತ್ತು, ವಿದ್ಯುತ್ತಿನ ಪೆಟ್ಟು ಬಿದ್ದರೆ ನೋವಿನ ಬದಲಿಗೆ ಚೇತರಿಕೆ. ಪಕ್ಕದಲ್ಲಿದ್ದ ಗ್ಯಾರಡೋಸಿಗೆ ಗುರಿಯಿಟ್ಟ ಮಿಂಚನ್ನು ಅಳಿಲು ಕುಡಿಯುವದು. ಆ ಹೊತ್ತಿಗೆ ದೊಡ್ಡದು ತನ್ನ ಕೆಲಸವನ್ನು ಮಾಡುವದು.

ನಮ್ಮ ವಾಲಿಬಾಲ್ ಅಂಗಣದಲ್ಲಿ ಆಡಿದ ಹಳೆವಿದ್ಯಾರ್ಥಿನಿಯರಿಗೆ ಇದು ಕೂಡಲೇ ತಿಳಿಯುವದು. ಅಲ್ಲಿಯೂ ಆರೇ ಮಂದಿ. ಎತ್ತರದ ಹುಡುಗಿಯರೆಲ್ಲಾ ಒಂದೇ ವರ್ಷ ಸಿಕ್ಕಿದಾಗ, ಚೆಂಡನ್ನು ಎತ್ತಿಕೊಡುವವಳಿಲ್ಲದೆ ತಾಲೂಕು ಪಂದ್ಯದಲ್ಲಿ ಸೋತು ಬಂದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ೧೯೯೮ರಿಂದ ಅಂತರರಾಷ್ಟ್ರೀಯ ಆಟದಲ್ಲಿ ಲಿಬೆರೊ ಎಂಬ ಸ್ಥಾನವುಂಟಾಗಿದೆ. ಬೇರೆ ಬಣ್ಣದ ಅಂಗಿಯ ಆ ಆಟಗಾರ್ತಿಯು ಬಲೆಗಿಂತ ಮೇಲಿರುವ ಚೆಂಡನ್ನು ಹೊಡೆದು ದಾಟಿಸಕೂಡದು, ತಡೆಗಟ್ಟಲೂ ಕೂಡದು. ನೆಲಕ್ಕೆ ಬೀಳುವದನ್ನು ಎತ್ತುವದೇ ಅವಳ ಕೆಲಸ.

ಈ ವರ್ಷ ಕೆಲವು ತಾಯಿತಂದೆಗಳು, ಹೆಚ್ಚು ಅಂಕ ತೆಗೆಯುವ ಮಕ್ಕಳನ್ನೆಲ್ಲಾ ಹತ್ತನೆಯ ತರಗತಿಯ ಒಂದೇ ವಿಭಾಗದಲ್ಲಿ ಕೂಡಿಸಬೇಕೆಂದು ಕೇಳಿಕೊಂಡರು. ನಾನು ಹಾಗೆ ಮಾಡಲಿಲ್ಲ, ಮಾಡುವದೂ ಇಲ್ಲ. ಕಾರಣವನ್ನು ಸಭೆಯಲ್ಲಿ ಹೇಳಿದ್ದೇನೆ. ಆ ತ್ರಿಕೋಣದ ಹಾಳೆಯನ್ನೂ ತೋರಿಸಿದೆನು. ಒಬ್ಬ ತಂದೆಯವರು, “ನಮ್ಮ ಮಕ್ಕಳು ಆಟದ ಪ್ರಾಣಿಗಳೋ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆಟದ ಜೀವಿಗೆ ವರ್ಗವನ್ನು ಬೇರೆಯವರು ಮೊದಲೇ ಬರೆದಿಟ್ಟಿರುವರು. ಹುಡುಗಿಗೆ ಹಾಗೆ ಬರೆದಿಡಲು ಯಾರಿಗೂ ಅಧಿಕಾರವಿಲ್ಲ. ಜೂನಿನಲ್ಲಿ ಸುಮ್ಮನೆ ಕೂತಿದ್ದ ಕೆಮ್ಮಣ್ಣಿನ ಹುಡುಗಿ ದಶಂಬರದಲ್ಲಿ ಎಂಟನೆಯವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು.

ಅಜ್ಜಿಯವರು ನಾಲ್ಕನೆಯ ಶನಿವಾರ ಬಂದು ಒಂದು ಪಂದ್ಯವನ್ನು ಪೂರ್ತಿ ನೋಡಿದರು. ಪಣವಿಲ್ಲ, ಅಪರಿಚಿತರೊಡನೆ ಮಾತುಕತೆಯಿಲ್ಲ, ಮನೆಯ ಮೊಬೈಲಿನಲ್ಲಿ ಆಟವಿಲ್ಲ, ವಾರಕ್ಕೆ ಒಂದೇ ತಾಸು ಎಂಬ ನಮ್ಮ ಕಟ್ಟಳೆಗಳನ್ನು ಓದಿಸಿ ಕೇಳಿದರು. “ಪಣ ಬಂದ ದಿನ ನಾನೂ ಬರುವೆ,” ಎಂದು ಹೇಳಿ ಕೊಡೆ ಬಿಡಿಸಿ ಹೋದರು. ಆ ಕಟ್ಟಳೆಗಳು ಈಗಲೂ ಬಾಗಿಲಲ್ಲಿ ಅಂಟಿಸಲ್ಪಟ್ಟಿವೆ.

ಜತೆಗಾತಿಯರು ಬೇರೆಯಾಗಲಿಲ್ಲ. ತ್ರಿಕೋಣದ ಮೂರು, ಟ್ರಿಕ್ ರೂಮ್ ಹಾಕುವ ಒಂದು, ಮಂದವಾದರೂ ಭಾರೀ ಪೆಟ್ಟಿನ ಒಂದು, ಹೀಗೆ ಐದು ನಿಶ್ಚಯವಾಗಿವೆ. ಆರನೆಯದಕ್ಕೆ ಬೆಂಕಿಯದು ಬೇಕೆಂದು ಒಬ್ಬಳು, ಪಚಿರಿಸುವೇ ಬೇಕೆಂದು ಇನ್ನೊಬ್ಬಳು. ಅಳಿಲಿನ ಪಕ್ಷ ಹಿಡಿದವಳು, ಐದು ಘಟಸರ್ಪಗಳನ್ನು ತಂದವಳೇ. ಬರುವ ಶನಿವಾರ ಮೂರೂವರೆ ಗಂಟೆಗೆ ಎರಡನ್ನೂ ಆಡಿ ನೋಡುವರಂತೆ, ನನ್ನನ್ನೂ ಕರೆದಿದ್ದಾರೆ.