ಲೆಕ್ಕಕ್ಕೆ ಸಿಗದವರು

21 ಅಕ್ಟೋಬರ್ 2023, ಶನಿವಾರ

ದಸರಾ ರಜೆ, ಕೋರ್ಟಿಲ್ಲ. ಬಲರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿನ್ನೆ ಕೊಟ್ಟ ತೀರ್ಪನ್ನು ಕೂತು ಓದಿದೆ. ಒಳಚರಂಡಿಗೆ ಇಳಿದು ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ. ಶಾಶ್ವತವಾಗಿ ಅಂಗವಿಕಲರಾದವರಿಗೆ 20 ಲಕ್ಷಕ್ಕೆ ಕಡಿಮೆ ಇರಕೂಡದು. 2014ರ ಮಾರ್ಚ್‌ನಲ್ಲಿ ಸಫಾಯಿ ಕರ್ಮಚಾರಿ ಆಂದೋಲನದ ಪ್ರಕರಣದಲ್ಲಿ ಇದೇ ನ್ಯಾಯಾಲಯ, 1993ರಿಂದೀಚೆಗೆ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡಬೇಕೆಂದಿತ್ತು. ಆ ಪರಿಹಾರ ಇನ್ನೂ ಸಿಗದವರಿಗೂ ಹೊಸ ಮೊತ್ತವೇ ಸಲ್ಲಬೇಕು ಎಂದು ಈಗ ಹೇಳಿದೆ.

ಈ ಮಾತು ಓದಿದ ಕೂಡಲೇ ಹಳೇ ಪೇಟೆಯ ಆ ಹೆಣ್ಣುಮಗಳು ನೆನಪಾದಳು. 2019ರ ಬೇಸಿಗೆಯಲ್ಲಿ ಅವಳ ಗಂಡ ಒಂದು ಲಾಡ್ಜಿನ ಸೆಪ್ಟಿಕ್ ಟ್ಯಾಂಕಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಪೊಲೀಸ್ ದಾಖಲೆಯಲ್ಲಿ ಅದು ‘ಕಾಲು ಜಾರಿ ಬಿದ್ದು ಸಾವು’. ರಜೆ ಮುಗಿಯುವುದರೊಳಗೆ ಅವಳನ್ನು ನೋಡಬೇಕು.

2 ನವೆಂಬರ್, ಗುರುವಾರ

ಹಬ್ಬದ ಗದ್ದಲದಲ್ಲಿ ಆಗಲಿಲ್ಲ, ಇವತ್ತು ಸಂಜೆ ಅವಳ ಮನೆಗೆ ಹೋಗಿದ್ದೆ. ಎರಡು ಮಕ್ಕಳು, ಅತ್ತೆ, ತಗಡಿನ ಮನೆ. ಅವಳೀಗ ಗುತ್ತಿಗೆಯಲ್ಲಿ ಬೀದಿ ಗುಡಿಸುತ್ತಾಳೆ.

“ಅವತ್ತ ರಾತ್ರಿನ ಬಂದು ಕೈಯಾಗ ರೊಕ್ಕ ಇಟ್ಟು ಹೆಬ್ಬಟ್ಟು ಒತ್ತಿಸಿಕೊಂಡ್ರು ಅಕ್ಕಾರ. ಹೆಣ ಇನ್ನೂ ದವಾಖಾನಿಯೊಳಗ ಇತ್ತು. ಅದರಾಗ ಏನ್ ಬರದಿತ್ತೋ ನನಗೇನ್ ಗೊತ್ತು?”

“ನೀ ಒತ್ತಿದ ಹೆಬ್ಬಟ್ಟಿಗೆ ನಿನ್ನ ಹಕ್ಕು ಹೋಗೂದಿಲ್ಲ ತಂಗಿ” ಅಂದೆ. ನಂಬಿದಂತೆ ಕಾಣಲಿಲ್ಲ. ಅವಳಿಗೆ ಹೇಳುವ ಮೊದಲು ನನಗೇ ಖಾತ್ರಿ ಮಾಡಿಕೊಳ್ಳಬೇಕಿತ್ತು, ರಾತ್ರಿ ಕಾಯ್ದೆಗಳನ್ನು ಮತ್ತೆ ಬಿಡಿಸಿ ನೋಡಿದೆ.

ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ 7ನೇ ಕಲಮು, ಸುರಕ್ಷಾ ಸಾಧನವಿಲ್ಲದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಯಾರನ್ನೂ ಇಳಿಸಬಾರದು ಎನ್ನುತ್ತದೆ. ಮೊದಲ ಸಲ ತಪ್ಪು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಜಾಮೀನಿಲ್ಲದ ಅಪರಾಧ. ಆದರೆ 10ನೇ ಕಲಮು ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂದು ಗೆರೆ ಎಳೆದಿದೆ. ಗಂಡನನ್ನು ಮಣ್ಣು ಮಾಡಿ ಬಂದ, ಓದು ಬಾರದ ಹೆಂಗಸಿಗೆ ಮೂರು ತಿಂಗಳು! ಈ ಗೆರೆ ಎಳೆದವರು ಇಂಥ ಮನೆಯ ಹೊಸ್ತಿಲು ತುಳಿದಿರಲಾರರು. ಇನ್ನೊಂದು ದಾರಿ ಉಂಟು: ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ. 2016ರ ಜನವರಿಯಿಂದ, ಪರಿಶಿಷ್ಟ ಜಾತಿಯವರಿಂದ ಈ ಕೆಲಸ ಮಾಡಿಸುವುದೇ ದೌರ್ಜನ್ಯ. ಅಲ್ಲಿ ಮೂರು ತಿಂಗಳ ಗೆರೆ ಇಲ್ಲ. ಪರಿಹಾರಕ್ಕಂತೂ ಯಾವ ಅಡ್ಡಿಯೂ ಇಲ್ಲ.

16 ನವೆಂಬರ್, ಗುರುವಾರ

ನಮ್ಮೂರಿನ ಸ್ಥಳೀಯ ಸಂಸ್ಥೆಗೆ ಮಾಹಿತಿ ಹಕ್ಕಿನಡಿ ಹಾಕಿದ್ದ ಅರ್ಜಿಗೆ ಉತ್ತರ ಬಂತು. ಒಂದೇ ಸಾಲಿನ ಹಿಂಬರಹ: ‘ಈ ಕಚೇರಿ ವ್ಯಾಪ್ತಿಯಲ್ಲಿ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳು ಯಾರೂ ಇರುವುದಿಲ್ಲ.’

ಕೈಯಿಂದ ಮಲ ಬಾಚುವವರು ಒಬ್ಬರೂ ಇಲ್ಲವಂತೆ. ಕೆಳಗೆ ಮೊಹರು, ಸಹಿ. ಅದೇ ಕಚೇರಿಯ ಹಿಂದಿನ ಓಣಿಯ ಹುಡುಗರು ಫೋನ್ ಬಂದರೆ ಬಕೆಟ್ಟು, ಹಗ್ಗ ಹಿಡಿದು ಹೋಗುವುದು ಊರಿಗೆಲ್ಲ ಗೊತ್ತು. ಸಕ್ಕಿಂಗ್ ಯಂತ್ರ ನುಗ್ಗದ ಸಂದಿಗಳಲ್ಲಿ, ಹೂಳು ಗಟ್ಟಿಯಾದ ಗುಂಡಿಗಳಲ್ಲಿ ಇಂದಿಗೂ ಮನುಷ್ಯರೇ ಇಳಿಯುತ್ತಾರೆ.

ಅಲ್ಲಿನ ಹಿರಿಯ ನೌಕರರೊಬ್ಬರು ಹೊರಗೆ ಚಹಾದಂಗಡಿ ಹತ್ತಿರ ದನಿ ತಗ್ಗಿಸಿ ಹೇಳಿದರು: “ಅದಾರ ಅಂತ ಬರದ್ರ ಮೊದಲ ನೋಟಿಸು ನಮಗ ಬರ್ತದ್ರಿ ಮೇಡಂ.”

ಆ ಮಾತಿನಲ್ಲಿ ಇಡೀ ರೋಗದ ಮೂಲ ಇದೆ. ಕಾಯ್ದೆಯ ಪ್ರಕಾರ ಪಟ್ಟಣಗಳಲ್ಲಿ ಸಮೀಕ್ಷೆ ಮಾಡಬೇಕಾದದ್ದು ಸ್ಥಳೀಯ ಸಂಸ್ಥೆ. ಈ ಕೆಲಸ ನಿಲ್ಲಿಸುವ ಹೊಣೆಯೂ ಅದರದೇ, ನಿಲ್ಲದಿದ್ದರೆ ಉತ್ತರ ಹೇಳಬೇಕಾದದ್ದೂ ಅದೇ. ತನ್ನ ಮೇಲೆ ತಾನೇ ಸಾಕ್ಷಿ ಹೇಳು ಎಂದರೆ ಯಾವ ಕಚೇರಿ ಹೇಳೀತು? ಪಟ್ಟಿಯಲ್ಲಿ ಹೆಸರು ಬಂದರೆ ತಿಂಗಳೊಳಗೆ ಫೋಟೊ ಇರುವ ಗುರುತಿನ ಚೀಟಿ ಸಿಗಬೇಕು, ಒಂದು ಬಾರಿಯ ನಗದು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಗೋ ನಿವೇಶನಕ್ಕೋ ಸಹಾಯ, ತಿಂಗಳಿಗೆ ಮೂರು ಸಾವಿರಕ್ಕೆ ಕಡಿಮೆಯಿಲ್ಲದ ಭತ್ಯೆಯೊಂದಿಗೆ ಬೇರೆ ಕೆಲಸದ ತರಬೇತಿ. ಇವೆಲ್ಲ 13ನೇ ಕಲಮಿನಲ್ಲಿವೆ. ‘ಯಾರೂ ಇರುವುದಿಲ್ಲ’ ಎಂದು ಬರೆದ ಒಂದು ಪೆನ್ನು ಅಷ್ಟನ್ನೂ ಅಳಿಸಿಬಿಡುತ್ತದೆ. ಇನ್ನೊಂದು ಕಿಂಡಿಯೂ ಇದೆ: ಸರ್ಕಾರ ಸೂಚಿಸಿದ ಸಾಧನ, ರಕ್ಷಾಕವಚ ಕೊಟ್ಟು ಕೆಲಸ ಮಾಡಿಸಿದರೆ ಆ ಕೆಲಸಗಾರರನ್ನು ಈ ಕಾಯ್ದೆ ಮ್ಯಾನ್ಯುಯಲ್ ಸ್ಕ್ಯಾವೆಂಜರ್ ಎಂದು ಎಣಿಸುವುದಿಲ್ಲ. ಒಂದು ಜೊತೆ ಗ್ಲೌಸ್ ಕೊಟ್ಟವರೂ ಈ ವಿವರಣೆಯ ಮರೆಯಲ್ಲಿ ನಿಂತುಬಿಡುತ್ತಾರೆ.

26 ನವೆಂಬರ್, ಭಾನುವಾರ

ಸಂವಿಧಾನ ದಿನ. ಶಾಲೆಯೊಂದರಲ್ಲಿ ಪೀಠಿಕೆ ಓದಿಸಿ, ಮಕ್ಕಳೊಂದಿಗೆ ಮಾತಾಡಿ ಬಂದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ ಎಂದಾಗ ಒಬ್ಬ ಹುಡುಗಿ ಕೇಳಿದಳು, “ಹಂಗಾದ್ರ ಗುಂಡ್ಯಾಗ ಇಳಿಯೋರು ಯಾಕ ಒಂದ ಓಣಿಯವರ ಇರ್ತಾರ್ರಿ?” ಮೀಸಲಾತಿ ಬೇಡವೆನ್ನುವ ಎಷ್ಟೋ ವಿದ್ಯಾವಂತರಿಗೆ ಹೊಳೆಯದ ಪ್ರಶ್ನೆ ಅದು.

ಅವಳಿಗೆ ಬಿ. ಬಸವಲಿಂಗಪ್ಪನವರ ಕತೆ ಹೇಳಿದೆ. ದೇವರಾಜ ಅರಸರ ಸಂಪುಟದಲ್ಲಿದ್ದ ಅವರು 1970ರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೆಜಿಎಫ್‌ನಲ್ಲಿ ಇದೇ ಕೆಲಸದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದದ್ದನ್ನೂ ಹೇಳಿದೆ.

ಸವಣೂರಿನದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. 2010ರ ಜುಲೈನಲ್ಲಿ, ನಮ್ಮದೇ ಹಾವೇರಿ ಜಿಲ್ಲೆಯಲ್ಲಿ, ಇದ್ದ ಜಾಗದಿಂದ ಎಬ್ಬಿಸಲು ಬಂದಾಗ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. 1993ರ ನಿಷೇಧ ಕಾಯ್ದೆ ಆಗಿ 17 ವರ್ಷವಾಗಿತ್ತು. ಮನವಿ, ಅರ್ಜಿ, ಧರಣಿ ಯಾವುದಕ್ಕೂ ತಿರುಗಿ ನೋಡದ ನಾಡು ಅವತ್ತು ತಿರುಗಿ ನೋಡಿತು. ಕಾಣಿಸಿಕೊಳ್ಳಲು ಜನ ಅಷ್ಟು ದೂರ ಹೋಗಬೇಕಾದರೆ, ಅವರನ್ನು ಕಾಣದಂತೆ ಇಟ್ಟವರು ನಾವೆಲ್ಲ.

6 ಡಿಸೆಂಬರ್, ಬುಧವಾರ

ಬಾಬಾಸಾಹೇಬರ ಪರಿನಿರ್ವಾಣದ ದಿನ. 2013ರ ಕಾಯ್ದೆ ಜಾರಿಗೆ ಬಂದದ್ದೂ ಇದೇ ತಾರೀಖಿಗೆ, ಇವತ್ತಿಗೆ ಹತ್ತು ವರ್ಷ.

ಬೆಳಿಗ್ಗೆ ಪ್ರತಿಮೆಗೆ ಹಾರ ಹಾಕಿ ಸೀದಾ ಜಿಲ್ಲಾಧಿಕಾರಿ ಕಚೇರಿಗೆ ಹೋದೆವು. ಆ ಹೆಣ್ಣುಮಗಳೂ ಬಂದಳು. ಅವಳ ಪರಿಹಾರದ ಅರ್ಜಿಯ ಜೊತೆ ಪೊಲೀಸ್ ದಾಖಲೆ, ಮರಣೋತ್ತರ ವರದಿ, ಅವತ್ತು ಟ್ಯಾಂಕಿನ ಬಾಯಲ್ಲಿ ಹಗ್ಗ ಹಿಡಿದಿದ್ದವನ ಹೇಳಿಕೆ ಇಟ್ಟಿದ್ದೇವೆ. ಸ್ಥಳೀಯ ಸಂಸ್ಥೆಯ ಕಚೇರಿ ಹಿಂದಿನ ಓಣಿಯ ಯುವಕರು ‘ನಾವು ಈ ಕೆಲಸ ಮಾಡುತ್ತಿದ್ದೇವೆ’ ಎಂದು ಸ್ವತಃ ಘೋಷಿಸಿಕೊಂಡು ಅರ್ಜಿ ಬರೆದಿದ್ದಾರೆ. ಸಮೀಕ್ಷೆಯವರು ಬಿಟ್ಟರೂ ಹೀಗೆ ಅರ್ಜಿ ಕೊಡುವ ಹಕ್ಕನ್ನು 12ನೇ ಕಲಮು ಕೊಟ್ಟಿದೆ. ಇದನ್ನು ಅವರಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಜಿಲ್ಲಾ ಜಾಗೃತಿ ಸಮಿತಿಗೆ ಬೇರೆ ಮನವಿ ಕೊಟ್ಟೆ. ಎಣಿಸುವ ಕೆಲಸ ಎಣಿಕೆಯಿಂದ ಸಿಕ್ಕಿಬೀಳುವವರ ಕೈಯಲ್ಲಿ ಇರಬಾರದು. ಸಮೀಕ್ಷೆಯ ತಂಡದಲ್ಲಿ ಈ ಕೆಲಸ ಮಾಡುವ ಸಮುದಾಯದವರೇ ಇರಬೇಕು. ‘ಯಾರೂ ಇಲ್ಲ’ ಎಂದು ಬರೆಯುವ ಅಧಿಕಾರಿ ಓಣಿ ಓಣಿ ತಿರುಗಿ, ಜನರೆದುರು ಪಂಚನಾಮೆ ಮಾಡಿ ಬರೆಯಲಿ. ಗುಂಡಿಯಲ್ಲಿ ಸಾವಾದರೆ, ಮನೆಯವರು ದೂರು ತರಲೆಂದು ಕಾಯದೆ ಪೊಲೀಸರೇ 2013ರ ಕಾಯ್ದೆ, ದೌರ್ಜನ್ಯ ತಡೆ ಕಾಯ್ದೆ ಎರಡರಡಿಯೂ ಪ್ರಕರಣ ದಾಖಲಿಸಲಿ. ಸಂದಿಗಳಿಗೂ ಹೋಗುವ ಸಣ್ಣ ಯಂತ್ರಗಳನ್ನು ಕೊಂಡು, ಅವನ್ನು ನಡೆಸುವ ಕಾಯಂ ಕೆಲಸವನ್ನು ಇಷ್ಟು ಕಾಲ ಗುಂಡಿಗಿಳಿದವರಿಗೇ ಕೊಡಲಿ.

ಈ ಬೇಡಿಕೆಗಳಲ್ಲಿ ಕೆಲವಕ್ಕೆ ಕಾಯ್ದೆಯೇ ತಿದ್ದಬೇಕು, ಗೊತ್ತಿದೆ. ಹೆಚ್ಚಿನವಕ್ಕೆ ಬೇಕಾದದ್ದು ಒಂದು ಆದೇಶ, ಒಂದು ಸಹಿ. ಇವತ್ತು ನಮಗೆ ಸಿಕ್ಕಿದ್ದು ಸ್ವೀಕೃತಿಯ ಮೊಹರು. ಆ ಯುವಕರ ಹೆಸರು, ಕೆಲಸ ಎರಡೂ ಮೊದಲ ಬಾರಿಗೆ ಸರ್ಕಾರದ ಕಡತ ಸೇರಿವೆ. ಇನ್ನು ಮುಂದೆ ‘ಯಾರೂ ಇರುವುದಿಲ್ಲ’ ಎಂದು ಬರೆಯುವವರು ಅಷ್ಟೂ ಅರ್ಜಿಗಳಿಗೆ ಒಂದೊಂದಾಗಿ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಕೊಡದಿದ್ದರೆ ಹೈಕೋರ್ಟಿಗೆ ರಿಟ್ ಹಾಕುತ್ತೇನೆ. ಕರಡು ಬರೆಯಲು ಇವತ್ತು ರಾತ್ರಿಯೇ ಕೂರುತ್ತೇನೆ.